ಮಡಿಲನ್ನು ಆಶ್ರಯಿಸುವ ಮಗು



ತಾಯಿಯ ಸೆರಗನ್ನು ಬಿಡದೆ ಹಿಡಿಯುವ ಕೂಸನ್ನು ನಾವೆಲ್ಲರೂ ಬಲ್ಲೆವು. ಅದನ್ನು ಹತ್ತಿರ ಸೇರಿಸಿಕೊಳ್ಳುವದು ಪ್ರೀತಿಯೋ, ಮಗುವನ್ನು ಕೆಡಿಸುವದೋ ಎಂಬದು ಎಲ್ಲಾ ದೇಶಗಳ ತಂದೆತಾಯಿಗಳ ಪ್ರಶ್ನೆಯಾಗಿದೆ. ಈ ವಿಷಯದಲ್ಲಿ ಜಪಾನೀಯರಿಂದ ನಾವು ಕಲಿಯತಕ್ಕದ್ದು ಉಂಟು.

ಅವರ ಭಾಷೆಯಲ್ಲಿ 'ಅಮಾಯೆ' ಎಂಬ ಮಾತುಂಟು. ಸಿಹಿ ಎಂಬರ್ಥದ ಮಾತಿಗೂ ಇದಕ್ಕೂ ಮೂಲ ಒಂದೇ. ಎದುರಿನವರು ನಮ್ಮನ್ನು ತಳ್ಳಿಬಿಡರೆಂಬ ಭರವಸದಿಂದ ಅವರ ಪ್ರೀತಿಗೆ ಒರಗಿಕೊಳ್ಳುವದೇ ಅದರ ಭಾವ. ನಮ್ಮ 'ಸಲಿಗೆ' ಎಂಬ ಮಾತು ಅದಕ್ಕೆ ಸಮೀಪವಾದರೂ ಸರಿಸಮವಲ್ಲ. ತಾಕೆಯೊ ದೋಯಿ (1920–2009) ಎಂಬ ಮನೋವೈದ್ಯರು 1971ರಲ್ಲಿ ಇದನ್ನೇ ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು.

ಜಪಾನಿನಲ್ಲಿಯೇ ಬೆಳೆದಿದ್ದ, ಇಂಗ್ಲಿಷ್ ಮಾತಾಡುವ ಒಬ್ಬ ತಾಯಿಯ ಸಂಗತಿ ಅದರಲ್ಲಿದೆ. ಆಕೆ ತನ್ನ ಮಗಳ ಬಾಲ್ಯವನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಾ, ಈ ಮಗು ಹೆಚ್ಚಾಗಿ ಅಮಾಯೆ ತೋರಿಸಲಿಲ್ಲವೆಂಬ ಒಂದೇ ಮಾತನ್ನು ಜಪಾನೀ ಭಾಷೆಯಲ್ಲಿ ಹೇಳಿದಳು. ಯಾಕೆಂದು ಕೇಳಿದಾಗ, ಅದನ್ನು ಇಂಗ್ಲಿಷಿನಲ್ಲಿ ಹೇಳಲಾಗದು ಎಂದಳು.

ದೋಯಿಯವರು 1950ರಲ್ಲಿ ಅಮೇರಿಕಕ್ಕೆ ಹೋದಾಗ ಒಬ್ಬ ಗೃಹಸ್ಥನು, ಹಸಿವೆಯಿದ್ದರೆ ಐಸ್‌ಕ್ರೀಮ್ ಇದೆಯೆಂದನು. ಇವರಿಗೆ ಹಸಿವೆಯಿದ್ದರೂ ಮರ್ಯಾದೆಗಾಗಿ ಬೇಡವೆಂದರು; ಇನ್ನೊಮ್ಮೆ ಒತ್ತಾಯಿಸುವರೆಂದು ಕಾದರು. ಆತನೋ ಆ ಮಾತನ್ನು ನಿಜವೆಂದೇ ತಿಳಿದು ಸುಮ್ಮನಾದನು. ಆತನಲ್ಲಿ ಪ್ರೀತಿಯಿರಲಿಲ್ಲವೋ? ಹಾಗಲ್ಲ. ಕೇಳದೆ ತಿಳಿದುಕೊಳ್ಳುವದೇ ಪ್ರೀತಿಯೆಂದು ಒಂದು ಜನಾಂಗ. ಒಬ್ಬನ ಇಷ್ಟವನ್ನು ಅವನಿಗೇ ಬಿಡುವದು ಗೌರವವೆಂದು ಇನ್ನೊಂದು.

ಈ ಭೇದವು ತೊಟ್ಟಿಲಿನಲ್ಲಿಯೇ ಆರಂಭವಾಗುವದು. ಕಾಡಿಲ್ ಮತ್ತು ವೈನ್‌ಸ್ಟೈನ್ ಎಂಬ ವಿದ್ವಾಂಸರು ಮೂರು ನಾಲ್ಕು ತಿಂಗಳ 30 ಜಪಾನೀ ಶಿಶುಗಳನ್ನೂ 30 ಅಮೇರಿಕದ ಶಿಶುಗಳನ್ನೂ ಮನೆಯಲ್ಲಿಯೇ ನೋಡಿ, 1969ರಲ್ಲಿ ವರದಿ ಕೊಟ್ಟರು. ಜಪಾನಿನ ತಾಯಂದಿರು ಕೂಸನ್ನು ಹೆಚ್ಚಾಗಿ ಎತ್ತಿಕೊಂಡು, ತೂಗಿ ಸಂತೈಸುತ್ತಿದ್ದರು. ಅಮೇರಿಕದವರು ಹೆಚ್ಚಾಗಿ ಮಾತಾಡಿಸುತ್ತಿದ್ದರು, ಅವರ ಕೂಸುಗಳೂ ಹೆಚ್ಚಾಗಿ ನಲಿದು ಧ್ವನಿಗೈಯುತ್ತಿದ್ದವು. ತಂದೆತಾಯಿಗಳ ನಡುವೆ ಮಗು ಮಲಗುವದನ್ನು ಜಪಾನೀಯರು ಮೂರು ಗೆರೆಗಳುಳ್ಳ 'ನದಿ' ಎಂಬ ಅಕ್ಷರಕ್ಕೆ ಹೋಲಿಸುತ್ತಾರೆ. ಎರಡು ವಿಧದ ತಾಯಂದಿರಲ್ಲಿಯೂ ಪ್ರೀತಿಯುಂಟು. ಆದಕಾರಣ ಒಬ್ಬರ ಅಳತೆಗೋಲಿನಿಂದ ಇನ್ನೊಬ್ಬರನ್ನು ಅಳೆದು ತೀರ್ಪುಮಾಡುವದು ನ್ಯಾಯವಲ್ಲ.

ಆದರೂ ಒರಗುವದರಲ್ಲಿ ಒಂದು ಅಪಾಯವುಂಟು. ಆಸರೆ ಸಿಕ್ಕದ ಅಮಾಯೆಯು ಮುನಿಸಾಗಿಯೂ ಹಗೆಯಾಗಿಯೂ ತಿರುಗುವದೆಂದು ದೋಯಿಯವರು ತೋರಿಸಿದ್ದಾರೆ. ಬಾಯಿಬಿಟ್ಟು ಕೇಳದೆ, ಇವರು ತಾವಾಗಿಯೇ ಅರಿಯಬೇಕಿತ್ತೆಂದು ಒಳಗೊಳಗೆ ಕುದಿಯುವವರು ಎಷ್ಟು ಮಂದಿ! ಗಂಡನ ಮೇಲೆ ಹೆಂಡತಿಯೂ, ಅಣ್ಣನ ಮೇಲೆ ತಮ್ಮನೂ ಹೀಗೆ ವರುಷಗಟ್ಟಲೆ ಮಾತು ಬಿಡುವದುಂಟಷ್ಟೆ.

ಹಾಗಾದರೆ ನಾವು ಮಾಡತಕ್ಕದ್ದೇನು? ಒರಗಿ ಬರುವ ಎಳೆಯ ಮಗುವನ್ನು ನಾಚಿಕೆಪಡಿಸಿ ತಳ್ಳದಿರೋಣ. ಆ ಭರವಸವು ಮುರಿದರೆ ಕೂಡಿಸುವದು ಕಷ್ಟ. ಬೆಳೆದವರಾದ ನಾವೋ, ನಮ್ಮ ಕೊರತೆಯನ್ನು ಮುನಿಸಿನಿಂದಲ್ಲ, ಮಾತಿನಿಂದ ತಿಳಿಸೋಣ. ಮೌನವಾಗಿರುವವರನ್ನು ಇನ್ನೊಮ್ಮೆ ಕೇಳೋಣ. ಮೊಲೆಬಿಟ್ಟ ಕೂಸು ತಾಯಿಯ ಬಳಿ ಶಾಂತವಾಗಿರುವ ಚಿತ್ರವು ಕೀರ್ತನೆಗಳ ಗ್ರಂಥದಲ್ಲಿಯೂ ಉಂಟಲ್ಲವೇ? ಆ ಕೂಸು ಈಗ ಹಾಲಿಗಾಗಿ ಅಳುವದಿಲ್ಲ. ಆದರೂ ಮಡಿಲನ್ನು ಬಿಟ್ಟುಹೋಗಿಲ್ಲ. ನಮ್ಮ ಮನೆಗಳಲ್ಲಿಯೂ ಅಂಥ ಒರಗುವಿಕೆಯು ನೆಲೆಗೊಳ್ಳಲಿ.