ಹದಿಮೂರನೇ ದಿನ ಸಿಹಿ ತಿನ್ನದಿದ್ದರೆ ದೋಷವೇ?

ಪ್ರಶ್ನೆ: ನಮ್ಮ ಮಾವನವರು 82ನೇ ವಯಸ್ಸಿನಲ್ಲಿ ತೀರಿಕೊಂಡರು. ಕರ್ಮಗಳೆಲ್ಲ ಕ್ರಮವಾಗಿ ನಡೆದವು. ಆದರೆ ವೈಕುಂಠ ಸಮಾರಾಧನೆಯ ದಿನ ನಮ್ಮ ಯಜಮಾನರು, "ಅಪ್ಪ ಹೋಗಿ ಎರಡು ವಾರ ಆಗಿಲ್ಲ, ಹೋಳಿಗೆ ಹೇಗೆ ಗಂಟಲಲ್ಲಿ ಇಳಿಯುತ್ತೆ?" ಅಂತ ಸಿಹಿ ಮುಟ್ಟಲಿಲ್ಲ. ಇದರಿಂದ ತಂದೆಗೆ ಸದ್ಗತಿ ಇಲ್ಲ ಎಂದು ಬಂಧುಗಳೊಬ್ಬರು ಹೇಳಿಬಿಟ್ಟರು. ಇವರು ಅದನ್ನೇ ಹಚ್ಚಿಕೊಂಡು ಕೊರಗುತ್ತಿದ್ದಾರೆ. ದೋಷವಾಯಿತೇ?
— ಗೃಹಿಣಿ, ಬೆಂಗಳೂರು

ಉತ್ತರ: ದೋಷವೇನೂ ಆಗಿಲ್ಲ ತಾಯಿ, ಮೊದಲು ಆ ಭಯ ಬಿಡಿ. ಹೋದವರ ಗತಿಗೆ ಸಂಬಂಧಿಸಿದ ಮುಖ್ಯ ಕರ್ಮ ಹನ್ನೆರಡನೇ ದಿನದ ಸಪಿಂಡೀಕರಣ. ಅಂದು ಪ್ರೇತಪಿಂಡವನ್ನು ಮೂರು ಭಾಗ ಮಾಡಿ ಅವರ ತಂದೆ, ತಾತ, ಮುತ್ತಾತಂದಿರ ಪಿಂಡಗಳಲ್ಲಿ ಸೇರಿಸುತ್ತಾರೆ. ಅಲ್ಲಿಗೆ ಪ್ರೇತತ್ವ ಕಳೆದು ನಿಮ್ಮ ಮಾವನವರು ಪಿತೃಗಳ ಸಾಲಿಗೆ ಸೇರಿದರು. ಅದನ್ನು ನಿಮ್ಮ ಯಜಮಾನರು ತಮ್ಮ ಕೈಯಾರೆ ಮಾಡಿದ್ದಾರಲ್ಲ, ಇನ್ನೇನು ಬೇಕು?

ಹದಿಮೂರನೇ ದಿನಕ್ಕೆ ಶುಭಸ್ವೀಕಾರ ಎಂಬ ಹೆಸರೂ ಇದೆ. ಸ್ವೀಕರಿಸಬೇಕಾದವರು ಉಳಿದವರು! ಹತ್ತು ದಿನ ಸೂತಕದಲ್ಲಿ ಕೂತ ಮನೆಗೆ ಬಂಧುಗಳು ಬಂದು, ಉಡುಗೊರೆ ಕೊಟ್ಟು, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, "ಏಳಪ್ಪಾ, ಊಟ ಮಾಡು" ಅನ್ನುವ ದಿನ ಅದು. ಮಗ ತಾನಾಗಿ ಏಳಲಾರ ಅಂತ ಹಿರಿಯರಿಗೆ ಗೊತ್ತಿತ್ತು. ಯೆಹೂದಿಗಳಲ್ಲೂ ಹೀಗೇ ಇದೆ ನೋಡಿ. ಸಾವಾದ ಮನೆಯವರು ಏಳು ದಿನ ತಗ್ಗಾದ ಪೀಠದ ಮೇಲೆ ಕೂತು ದುಃಖ ಆಚರಿಸುತ್ತಾರೆ. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟ ನೆರೆಯವರದು. ಏಳನೇ ದಿನ ಅವರನ್ನು ಎಬ್ಬಿಸಿ ಬೀದಿಯಲ್ಲಿ ಒಂದು ಸುತ್ತು ನಡೆಸಿಕೊಂಡು ಬರುವ ಪದ್ಧತಿ ಹಲವು ಕಡೆ ಇದೆ. ಹಾಗೆಂದು ಅಪ್ಪನನ್ನು ಮರೆತರು ಅಂತಲ್ಲ, ತಂದೆ ತಾಯಿಗಾಗಿ ಮಕ್ಕಳು ಹನ್ನೊಂದು ತಿಂಗಳು ಪ್ರಾರ್ಥನೆ ಹೇಳುತ್ತಾರೆ. ನಮ್ಮಲ್ಲಿ ಮಾಸಿಕಗಳು ನಡೆದು, ಆಬ್ದಿಕದವರೆಗೆ ವರ್ಷವಿಡೀ ನೆನಪು ಮುಂದುವರಿಯುವಂತೆ.

ಇನ್ನು ಸತ್ತವರ ಹೆಸರಲ್ಲಿ ರುಚಿಯಾಗಿ ಉಣ್ಣುವುದು ತಪ್ಪೇ ಅಂದರೆ, ಹಳೇ ಮೈಸೂರು ಕಡೆಯ ಹಿರಿಯರ ಹಬ್ಬ ನೋಡಿ. ಹೊಸ ಬಟ್ಟೆ, ಹೋದವರಿಗೆ ಇಷ್ಟವಾದ ತಿಂಡಿ, ಎಲೆ ಅಡಿಕೆ, ಕೆಲವು ಮನೆಗಳಲ್ಲಿ ಬೀಡಿ ಕಟ್ಟನ್ನೂ ಎಡೆಗೆ ಇಡುತ್ತಾರೆ. ದೂರದ ಮೆಕ್ಸಿಕೋದವರೂ ನವೆಂಬರ್ 1 ಮತ್ತು 2ರಂದು ಸತ್ತವರ ಫೋಟೋ ಮುಂದೆ ಅವರ ಇಷ್ಟದ ಅಡುಗೆ ಇಟ್ಟು, ಸುತ್ತ ಚೆಂಡುಹೂ ಹರಡುತ್ತಾರೆ. (ನಾವು ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ತವರೂ ಆ ಕಡೆಯೇ.)

ಆದರೂ ಈಚೆಗೆ ಸಮಾರಾಧನೆಯನ್ನು ಕೇಟರಿಂಗ್‌ನವರಿಗೆ ಒಪ್ಪಿಸಿ, ಮೂರು ಸಿಹಿ, ಐಸ್‌ಕ್ರೀಂ ಅಂತ ಮದುವೆಮನೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಊಟದ ಮುಂದೆ ಮಗನಿಗೆ ಗಂಟಲು ಕಟ್ಟಿದರೆ ಆಶ್ಚರ್ಯವಿಲ್ಲ.

ನಿಮ್ಮ ಯಜಮಾನರಿಗೆ ಬಲವಂತ ಬೇಡ. ಬಂಧುಗಳ ಮಾತಿಗೆ ಪ್ರಾಯಶ್ಚಿತ್ತವೂ ಬೇಡ. ಬರುವ ಮಾಸಿಕದ ಅಡುಗೆಗೆ, ನಿಮ್ಮ ಮನೆಯ ಪದ್ಧತಿಗೆ ಒಪ್ಪುವುದಾದರೆ, ಮಾವನವರಿಗೆ ಇಷ್ಟವಾಗಿದ್ದ ಪಾಯಸವನ್ನೇ ಮಾಡಿ. ಬ್ರಾಹ್ಮಣರ ಊಟವಾದ ಮೇಲೆ ಉಳಿದದ್ದು ಪಿತೃಶೇಷ. ಕರ್ತೃವಾದವರು ಅದನ್ನು ಉಣ್ಣಬೇಕು. "ಇದು ಅಪ್ಪನ ಪ್ರಸಾದ" ಅಂತ ಹೇಳಿ, ಅತ್ತೆಯವರಿದ್ದರೆ ಅವರ ಕೈಯಿಂದಲೇ ಒಂದು ಸೌಟು ಬಡಿಸಿಸಿ.