ನಿತ್ಯ ಕೃತಜ್ಞತೆಯೂ ಕಾಣದ ಕಾವಲುಗಾರರೂ



ರಾಮಸಮುದ್ರದಲ್ಲಾಗಲಿ ಯಾದಗಿರಿ ಸೀಮೆಯ ಬೇರೆ ಯಾವ ಊರಲ್ಲಾಗಲಿ, ಹೊಲದಿಂದ ಬಂದವನು ಕೈಕಾಲು ತೊಳಕೊಂಡು ರೊಟ್ಟಿಯ ಮುಂದೆ ಕೂತಾಗ ಕಣ್ಣುಮುಚ್ಚಿ ಎರಡು ಮಾತು ಸ್ತೋತ್ರ ಹೇಳುವದು ನಮ್ಮ ಮನೆಗಳಲ್ಲಿ ವಾಡಿಕೆಯಾಗಿದೆ. ಇದು ಒಳ್ಳೇ ವಾಡಿಕೆಯೇ. ಆದರೆ ವಾಡಿಕೆಯಾದದ್ದು ಬಾಯಲ್ಲಿ ಉಳಿದು ಹೃದಯವನ್ನು ಬಿಟ್ಟುಹೋಗುವದುಂಟು. ಜೋಳ ಬಿತ್ತಿದವನು, ಕಳೆ ಕಿತ್ತವಳು, ಒಲೆಯ ಮುಂದೆ ಕೂತು ರೊಟ್ಟಿ ಬಡಿದ ಅವ್ವ, ಇವರಲ್ಲಿ ಒಬ್ಬರ ಮುಖವಾದರೂ ಮನಸ್ಸಿಗೆ ಬಾರದೆ ನಮ್ಮ ಸ್ತೋತ್ರವು ಮುಗಿಯುವದಾದರೆ, ಒಂದು ಪ್ರಶ್ನೆ ಹುಟ್ಟುತ್ತದೆ. ದೇವರಿಗೆ ಕೃತಜ್ಞನಾದವನು ಮನುಷ್ಯರಿಗೆ ಕೃತಘ್ನನಾಗಿರಬಹುದೋ?

ಕೃತಜ್ಞತೆಯೆಂದರೆ ಏನು? ಅದು ಬಾಗಿ ನಿಲ್ಲುವದಲ್ಲ. ನಮ್ಮ ಹಿರಿಯರಲ್ಲಿ ಅನೇಕರು ದಿನವೆಲ್ಲಾ ಧಣಿಯ ಹೊಲದಲ್ಲಿ ದುಡಿದು, ಸಂಜೆಗೆ ತಮಗೆ ಸಲ್ಲತಕ್ಕ ಕೂಲಿಯನ್ನೇ ಭಿಕ್ಷೆಯೆಂಬಂತೆ ಕೈಯೊಡ್ಡಿ ತಕ್ಕೊಂಡು ಕಾಲಿಗೆ ಬೀಳಬೇಕಾಗಿತ್ತು. ಅದು ಕೃತಜ್ಞತೆಯಲ್ಲ, ಅಂಜಿಕೆ. ಹಕ್ಕಾಗಿ ಬಂದದ್ದಕ್ಕೆ ಯಾರೂ ಯಾರ ಕಾಲನ್ನೂ ಹಿಡಿಯಬೇಕಾದದ್ದಿಲ್ಲ. ನಮಗೋಸ್ಕರ ಇನ್ನೊಬ್ಬನು ಏನನ್ನು ತೆತ್ತನೆಂಬದನ್ನು ಸತ್ಯವಾಗಿ ತಿಳುಕೊಂಡು, ತಿಳಿದದ್ದಕ್ಕೆ ತಕ್ಕ ಹಾಗೆ ನಡೆಯುವದೇ ಕೃತಜ್ಞತೆ.

ಕಣ್ಣೆದುರಿಗೆ ಇರುವವರ ಉಪಕಾರವನ್ನು ನೆನಸುವದು ಸುಲಭ. ಕಾಣದವರದನ್ನು ನೆನಸುವದು ಕಷ್ಟ. ಹಾಗೆ ಕಾಣದವರಲ್ಲಿ ಸೈನಿಕನು ಒಬ್ಬನು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಎಂಬವರ ಸಂಗತಿಯನ್ನು ನಿಮ್ಮಲ್ಲಿ ಹಲವರು ಕೇಳಿರುವಿರಿ. ಅವರು ನಮ್ಮಂತೆಯೇ ಉತ್ತರ ಕರ್ನಾಟಕದ ಹಳ್ಳಿಯವರು, ಮದ್ರಾಸ್ ರೆಜಿಮೆಂಟಿನಲ್ಲಿ ಲ್ಯಾನ್ಸ್ ನಾಯಕರು. ಸಮುದ್ರಮಟ್ಟದಿಂದ 19,000 ಅಡಿಗಳಿಗೂ ಹೆಚ್ಚು ಎತ್ತರದಲ್ಲಿರುವ ಸಿಯಾಚಿನ್ ಹಿಮಪ್ರದೇಶದ ಠಾಣೆಯೊಂದರಲ್ಲಿ ಕಾವಲಿದ್ದಾಗ, 2016ನೇ ಫೆಬ್ರವರಿ 3ರಂದು ಹಿಮರಾಶಿಯು ಕುಸಿದು ಹತ್ತು ಮಂದಿ ಅದರೊಳಗೆ ಹೂತುಹೋದರು. ಒಂಭತ್ತು ಮಂದಿ ಅಲ್ಲಿಯೇ ಸತ್ತರು. ದಿವಸಗಳು ಕಳೆದ ಮೇಲೆ ಹನುಮಂತಪ್ಪನವರೊಬ್ಬರು ಜೀವದಿಂದ ಸಿಕ್ಕಿದರೂ, 11ನೇ ತಾರೀಖು ದಿಲ್ಲಿಯ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟರು. ಹೆಂಡತಿಯೂ ಪುಟ್ಟ ಮಗಳೂ ಉಳಿದರು.

ಒಂದು ವೇಳೆ ಯಾವನಾದರೂ, "ಸೈನಿಕನು ಸಂಬಳಕ್ಕೆ ದುಡಿಯುತ್ತಾನಲ್ಲಾ, ಅವನಿಗೆ ಪ್ರತ್ಯೇಕ ಉಪಕಾರವೇಕೆ?" ಎಂದು ಕೇಳಾನು. ಈ ಮಾತನ್ನು ಹಗುರವಾಗಿ ತಳ್ಳಿಬಿಡಬಾರದು. ಬಡತನವೇ ಅನೇಕ ಹುಡುಗರನ್ನು ದಂಡಿಗೆ ಸೇರಿಸುತ್ತದೆಂಬದು ನಿಜ. ಆದರೆ ಸಂಬಳವು ದಿವಸಗಳ ಬೆಲೆಯೇ ಹೊರತು ಪ್ರಾಣದ ಬೆಲೆಯಲ್ಲ. ಹಿಮದೊಳಗೆ ಸತ್ತವನ ಆ ತಿಂಗಳ ಸಂಬಳದಿಂದ ಮಗಳಿಗೆ ತಂದೆಯನ್ನು ಕೊಂಡುಕೊಡಲಾದೀತೇ? ದಾವೀದನು ಬಾಯಾರಿ, ಬೇತ್ಲೆಹೇಮಿನ ಬಾವಿಯ ನೀರಿಗಾಗಿ ಆಶೆಪಟ್ಟಾಗ, ಮೂವರು ಶೂರರು ಶತ್ರುಗಳ ಪಾಳೆಯವನ್ನು ಸೀಳಿಕೊಂಡು ಹೋಗಿ ಅದನ್ನು ತಂದರು. ಅವನು ಅದನ್ನು ಕುಡಿಯಲಾರದೆ ಹೋದನು. ಯಾಕಂದರೆ ಆ ನೀರಿನಲ್ಲಿ ಅವರ ಪ್ರಾಣವು ಅವನಿಗೆ ಕಾಣಿಸಿತು. ನಾವು ನೀರನ್ನು ಸುರಿದುಬಿಡಬೇಕೆಂಬದಲ್ಲ; ಬೆಲೆಯನ್ನು ತಿಳಿದು ಕುಡಿಯಬೇಕೆಂಬದೇ.

ಮತ್ತೊಂದು ಸಂಶಯವುಂಟು. ಸೈನಿಕನನ್ನು ಸ್ಮರಿಸುವದು ಯುದ್ಧವನ್ನು ಹೊಗಳಿದಂತಾಗುವದೋ? ಇದಕ್ಕೆ ನಮ್ಮ ಸೀಮೆಯ ಚರಿತ್ರೆಯೇ ಬುದ್ಧಿ ಕಲಿಸುತ್ತದೆ. 1948ನೇ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ನಿಜಾಮರ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ಸಂಸ್ಥಾನವು ಶರಣಾಯಿತು. ರಜಾಕಾರರ ಹಾವಳಿಯಿಂದ ನೊಂದ ಹಳ್ಳಿಗಳಿಗೆ ಅದು ಬಿಡುಗಡೆಯಾಗಿತ್ತು. ಆದರೆ ಅದೇ ದಿವಸಗಳಲ್ಲಿ ಸಂಸ್ಥಾನದ ಎಷ್ಟೋ ಕಡೆ ನಿರಪರಾಧಿಗಳಾದ ಮುಸಲ್ಮಾನರು ಹತರಾದರು, ಅವರ ಮನೆಗಳು ಸೂರೆಯಾದವು. ಬಿಡುಗಡೆಗಾಗಿ ಉಪಕಾರ ನೆನಸುವವನು ಈ ದುಃಖವನ್ನು ಮರೆಯತಕ್ಕದ್ದಲ್ಲ. ಸತ್ಯವನ್ನು ಮುಚ್ಚಿಕೊಂಡ ಕೃತಜ್ಞತೆಯು ಬರೀ ಜಯಘೋಷವಾಗುತ್ತದೆ. ಮನುಷ್ಯನ ತ್ಯಾಗವನ್ನು ಗೌರವಿಸಿ, ಯುದ್ಧವು ನಿಲ್ಲಲೆಂದು ಹಾರೈಸುವದು ಒಂದೇ ಹೃದಯದಲ್ಲಿ ಆಗಬಲ್ಲದು. ಯುದ್ಧದ ಬೆಲೆಯನ್ನು ತಿಳಿದವನೇ ಅದನ್ನು ಬೇಗನೆ ಬಯಸನು.

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ಪ್ರತಿ ರಾತ್ರಿ ದೀಪ ಆರಿಸುವದಕ್ಕೆ ಮುಂಚೆ, ಆ ದಿವಸ ನಮಗೆ ಉಪಕಾರ ಮಾಡಿದ ಮೂವರನ್ನು ಹೆಸರು ಹಿಡಿದು ನೆನಸೋಣ. ಒಬ್ಬರು ಮನೆಯವರು, ಒಬ್ಬರು ಊರವರು, ಒಬ್ಬರು ನಾವು ಎಂದೂ ಕಾಣದವರು. ಮೊದಲಿನ ಇಬ್ಬರಿಗೆ ಮರುದಿನ ಬಾಯಿಬಿಟ್ಟು ಹೇಳೋಣ. "ಅವ್ವಾ, ನೀ ದಣಿದಿದ್ದಿ, ಇವತ್ತು ನೀರು ನಾ ತರತೀನಿ" ಎಂದು ಮಗನು ಹೇಳಿದರೆ, ಅದು ನೂರು ಸ್ತೋತ್ರಕ್ಕೆ ಸಮ.

ಮೂರನೆಯವರಿಗೆ ಏನು ಮಾಡುವದು? ದಂಡಿನಿಂದ ನಿವೃತ್ತನಾಗಿ ಬಂದವನು ನಿಮ್ಮ ಊರಲ್ಲಿಯೋ ಪಕ್ಕದ ಊರಲ್ಲಿಯೋ ಇದ್ದಾನು. ವರುಷಕ್ಕೊಮ್ಮೆ ಅವನ ಕೊರಳಿಗೆ ಹಾರ ಹಾಕಿ ಉಳಿದ ದಿವಸಗಳಲ್ಲಿ ಮರೆತುಬಿಡುವದು ಯಾವ ಮರ್ಯಾದೆ? ಅವನ ಪಿಂಚಣಿಯು ಅವನ ಹಕ್ಕು, ನಮ್ಮ ದಾನವಲ್ಲ. ಅದಕ್ಕಾಗಿ ಅವನು ಕಚೇರಿಯಿಂದ ಕಚೇರಿಗೆ ಅಲೆಯುವದಾದರೆ, ಓದು ಬಲ್ಲ ಯೌವನಸ್ಥನೊಬ್ಬನು ಅರ್ಜಿ ಬರೆದುಕೊಟ್ಟು ಸಂಗಡ ಹೋಗಲಿ. ಸತ್ತ ಸೈನಿಕನ ವಿಧವೆಯಿದ್ದರೆ, ಬಿತ್ತನೆಯ ಕಾಲದಲ್ಲಿ ಒಂದು ದಿವಸ ಅವಳ ಹೊಲಕ್ಕೆ ಎತ್ತು ಹೂಡಿಕೊಡಿರಿ. 1949ರಿಂದ ಡಿಸೆಂಬರ್ 7ನ್ನು ಸಶಸ್ತ್ರಪಡೆಗಳ ಧ್ವಜದಿನವಾಗಿ ಆಚರಿಸುತ್ತಾರೆ; ಆಗ ಕೂಡಿದ ಹಣವು ಸೈನಿಕರ ವಿಧವೆಯರಿಗೂ ಅಂಗಹೀನರಾದವರಿಗೂ ಮಾಜಿ ಸೈನಿಕರಿಗೂ ಸಲ್ಲುತ್ತದೆ. ಕೈಲಾದದ್ದನ್ನು ಕೊಡಿರಿ. ಎಲ್ಲಕ್ಕಿಂತಲೂ ಹೆಚ್ಚಾಗಿ ಅವನ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತುಕೊಂಡು, ಅವನು ಮಾತಾಡಿದರೆ ಕೇಳಿರಿ, ಮಾತಾಡದಿದ್ದರೆ ಒತ್ತಾಯಮಾಡಬೇಡಿರಿ.

ಸಹೋದರರೇ, ರೊಟ್ಟಿಯ ಮುಂದೆ ಕಣ್ಣು ಮುಚ್ಚುವದು ಒಳ್ಳೇದು. ಮುಚ್ಚಿದ ಕಣ್ಣು ತೆರೆದ ಮೇಲೆ ಎದುರಿಗಿರುವವರನ್ನು ಕಂಡರೆ ಮಾತ್ರ ಅದು ಪೂರ್ಣವಾಗುವದು.