ಕಲಿಯುವವನ ಅಧಿಕಾರ

ಅಭ್ಯಾಸವಿಲ್ಲದೆ ವಿದ್ಯೆಯಿಲ್ಲ, ತಪ್ಪಿಲ್ಲದೆ ಅಭ್ಯಾಸವಿಲ್ಲ. ಇದನ್ನು ಒಪ್ಪದ ಉಪಾಧ್ಯಾಯನು ಇರಲಾರನು. ಪಾಠಶಾಲೆಯಲ್ಲಿ ವಿಭಕ್ತಿಯನ್ನು ತಪ್ಪಿ ಹೇಳಿದ ಬಾಲಕನ ದೋಷವು ಅವನ ನಾಲಗೆಯಲ್ಲಿ ಹುಟ್ಟಿ ಗುರುವಿನ ಕಿವಿಯಲ್ಲಿಯೇ ಲಯವಾಗುತ್ತದೆ. ಮೂರನೆಯವನಿಗೆ ಅದರಿಂದ ಹಾನಿಯಿಲ್ಲ. ಆದರೆ ಕೆಲವು ವಿದ್ಯೆಗಳಲ್ಲಿ ಕಲಿಯುವವನು ಒಬ್ಬ, ತಪ್ಪಿನ ಫಲವನ್ನುಣ್ಣುವವನು ಇನ್ನೊಬ್ಬ. ಅಂತಹ ವಿದ್ಯೆಯಲ್ಲಿ ಕೈಯಿಡಲು ಹೊಸಬನಿಗೆ ಅಧಿಕಾರವುಂಟೆ? ಇದೇ ಇಲ್ಲಿ ವಿಚಾರ್ಯವಾದ ವಿಷಯ.

ಅಮೆರಿಕೆಯಲ್ಲಿ, ಶಾಲೆಗಳು ಸೇವೆಯಿಂದ ಬಿಟ್ಟ ಹಳೆಯ ಬಸ್ಸುಗಳನ್ನು ಕೊಂಡು ಸಂಚಾರಿ ಮನೆಗಳನ್ನಾಗಿ ಮಾಡಿಕೊಳ್ಳುವ ಗೃಹಸ್ಥರುಂಟು. ಅವುಗಳಲ್ಲಿ ದೊಡ್ಡವು ಅನೇಕವಾಗಿ ಗಾಳಿಯ ಬ್ರೇಕಿನಿಂದ ನಿಲ್ಲತಕ್ಕವು. ಎಂಜಿನಿನಿಂದ ನಡೆಯುವ ಕಂಪ್ರೆಸರು ಗಾಳಿಯನ್ನು ಒತ್ತಿ ತೊಟ್ಟಿಗಳಲ್ಲಿ ತುಂಬುತ್ತದೆ. ಚಾಲಕನು ಪೆಡಲನ್ನು ತುಳಿದೊಡನೆ ಆ ಗಾಳಿಯು ಚಕ್ರದ ಬಳಿಯ ಕೋಶವನ್ನು ಹೊಕ್ಕು ಒಂದು ದಂಡವನ್ನು ನೂಕುತ್ತದೆ. ದಂಡವು ಸನ್ನೆಯನ್ನು ತಿರುಗಿಸಿ ಡ್ರಮ್ಮಿನ ಒಳಮೈಗೆ ಲೈನಿಂಗನ್ನು ಒತ್ತುತ್ತದೆ. ಇದನ್ನು ಸುಸ್ಥಿತಿಯಲ್ಲಿಡುವ ಕೆಲಸವನ್ನು ಈ ಗೃಹಸ್ಥರಲ್ಲಿ ಕೆಲವರು ತಾವೇ ಕಲಿಯಲು ತೊಡಗುತ್ತಾರೆ.

“ಬಸ್ಸು ನನ್ನದು, ಕೈ ನನ್ನದು, ತಡೆಯುವವರು ಯಾರು?” ಎಂಬುದು ಒಂದು ಪಕ್ಷ. ಬಸ್ಸು ಅವನದೇ ಸರಿ. ಆದರೆ ರಸ್ತೆಯು ಅವನೊಬ್ಬನದಲ್ಲ, ಇಳಿಜಾರಿನ ಕೆಳಗೆ ನಿಂತವನ ಪ್ರಾಣವಂತೂ ಅವನದಲ್ಲವೇ ಅಲ್ಲ. ಆದಕಾರಣ ಸ್ವಾಮ್ಯವು ಅಧಿಕಾರಕ್ಕೆ ಹೇತುವಾಗದು.

“ಹಾಗಾದರೆ ನಿಪುಣರಿಗೇ ಬಿಡಲಿ” ಎಂಬುದು ಎರಡನೆಯ ಪಕ್ಷ. ಇದೂ ಪೂರ್ಣವಾಗಿ ನಿಲ್ಲದು. 2003ರಲ್ಲಿ ಪೆನ್ಸಿಲ್ವೇನಿಯಾದ ಗ್ಲೆನ್ ರಾಕ್ ಎಂಬಲ್ಲಿ ಇದೇ ಬಗೆಯ ಬ್ರೇಕಿನ ಲಾರಿಯೊಂದು ಇಳಿಜಾರಿನಲ್ಲಿ ನಿಲ್ಲದೆ ಕಾರುಗಳ ಮೇಲೆ ಹಾಯ್ದು ಜೀವಹಾನಿಯಾಯಿತು. ದಂಡದ ಓಟವು ಬೆಳೆಯದಂತೆ ತಾನಾಗಿ ಹೊಂದಿಕೊಳ್ಳಬೇಕಾದ ಸನ್ನೆಯನ್ನು ಕೆಲಸಗಾರರು ಕೈಯಿಂದ ಬಿಗಿಮಾಡುತ್ತ ಬಂದಿದ್ದರೆಂದೂ, ಅದು ಏಕೆ ಹೊಂದಿಕೊಳ್ಳುತ್ತಿಲ್ಲವೆಂಬ ಮೂಲದೋಷವು ಹಾಗೆಯೇ ಉಳಿದಿತ್ತೆಂದೂ ತನಿಖೆಯಿಂದ ತಿಳಿಯಿತು. ಅವರು ವೃತ್ತಿಯವರು, ಕೈಗೆ ಪಳಗಿಕೆಯಿತ್ತು, ಬುದ್ಧಿಗೆ ಕಾರಣಜಿಜ್ಞಾಸೆಯಿರಲಿಲ್ಲ. ಅಲ್ಲದೆ, ಪ್ರತಿದಿನವೂ ಬಸ್ಸನ್ನು ನಡೆಸುವವನು ತಾನೇ ಅಜ್ಞನಾಗಿದ್ದರೆ ನಿಪುಣನು ಮಾಡಿದ ಕೆಲಸವು ಕೆಟ್ಟ ದಿನವನ್ನು ಅರಿಯುವವರಾರು?

ಈ ಎರಡರ ನಡುವೆ ದಾರಿಯೊಂದುಂಟು. ಅದನ್ನು ತೋರಿಸುವುದು ಈ ಬ್ರೇಕಿನ ಚರಿತ್ರೆಯೇ. ವೆಸ್ಟಿಂಗ್‌ಹೌಸ್ ಎಂಬಾತನು 1869ರಲ್ಲಿ ರೈಲಿಗೆ ಅಳವಡಿಸಿದ ಮೊದಲ ಗಾಳಿಯ ಬ್ರೇಕಿನಲ್ಲಿ ಕೊಳವೆ ಒಡೆದರೆ ಬ್ರೇಕೇ ಇಲ್ಲವಾಗುತ್ತಿತ್ತು. 1872ರ ಹೊತ್ತಿಗೆ ಅವನು ಕ್ರಮವನ್ನು ತಿರುಗಿಸಿದನು: ಕೊಳವೆಯ ಗಾಳಿ ಸೋರಿತೆಂದರೆ ಬ್ರೇಕು ತಾನೇ ಹಿಡಿಯುವುದು. ಇಂತಹ ಏರ್ಪಾಡಿಲ್ಲದ ಗಾಡಿಯೊಂದು 1889ರಲ್ಲಿ ಐರ್ಲೆಂಡಿನ ಆರ್ಮಾದಲ್ಲಿ ಏರಿನ ಮೇಲೆ ಎರಡು ಭಾಗವಾಗಿ, ಹಿಂದಿನ ಡಬ್ಬಿಗಳು ಹಿಮ್ಮುಖವಾಗಿ ಉರುಳಿ, 80 ಮಂದಿ ಮಡಿದರು. ಅದೇ ವರ್ಷ ಬ್ರಿಟನ್ನಿನ ಶಾಸನವು ಪ್ರಯಾಣಿಕರ ರೈಲುಗಳಿಗೆ ತಾನೇ ಹಿಡಿಯುವ ಬ್ರೇಕನ್ನು ಕಡ್ಡಾಯಮಾಡಿತು. ಈಚಿನ ಬಸ್ಸುಗಳ ನಿಲುಗಡೆಯ ಬ್ರೇಕಿನಲ್ಲಿಯೂ ಇದೇ ನ್ಯಾಯವಿದೆ: ಬಲವಾದ ಸ್ಪ್ರಿಂಗನ್ನು ಗಾಳಿಯು ಅದುಮಿಟ್ಟಿರುತ್ತದೆ, ಒತ್ತಡವು ಚದರ ಅಂಗುಲಕ್ಕೆ ಸುಮಾರು 45ರಿಂದ 20 ಪೌಂಡಿನ ನಡುವೆ ಇಳಿದಾಗ ಸ್ಪ್ರಿಂಗು ಬಿಚ್ಚಿಕೊಂಡು ಚಕ್ರವನ್ನು ಹಿಡಿಯುತ್ತದೆ. ದೋಷವು ವಾಹನವನ್ನು ನಿಲ್ಲಿಸಬೇಕೇ ಹೊರತು ಓಡಲು ಬಿಡಬಾರದು.

ಕಲಿಯುವವನು ತನ್ನ ಕಲಿಕೆಯನ್ನೂ ಹೀಗೆಯೇ ಕಟ್ಟಿಕೊಳ್ಳಬೇಕು. ಅವನ ತಪ್ಪು, ಬಸ್ಸು ನಿಂತಿರುವಾಗಲೇ ಬಯಲಾಗುವಂತಿರಬೇಕು. ಆದ್ದರಿಂದ ಬಿಚ್ಚಿ ಕಟ್ಟುವುದಕ್ಕಿಂತ ಪರೀಕ್ಷಿಸುವುದನ್ನು ಮೊದಲು ಕಲಿಯತಕ್ಕದ್ದು. ತೊಟ್ಟಿಯಲ್ಲಿ ಕೂಡಿದ ನೀರನ್ನು ದಿನವೂ ಹೊರಬಿಡುವುದು. ಎಂಜಿನನ್ನು ನಿಲ್ಲಿಸಿ, ಬ್ರೇಕು ಬಿಟ್ಟಿರುವಾಗ ಒತ್ತಡವು ನಿಮಿಷಕ್ಕೆ 2 ಪೌಂಡಿಗಿಂತಲೂ, ತುಳಿದಿರುವಾಗ 3 ಪೌಂಡಿಗಿಂತಲೂ ಹೆಚ್ಚು ಇಳಿಯದೆಂಬುದನ್ನು ನೋಡುವುದು. 60 ಪೌಂಡಿಗೆ ಇಳಿಯುವ ಮೊದಲೇ ಎಚ್ಚರಿಕೆಯ ಸದ್ದೋ ದೀಪವೋ ಹೊರಡುವುದೆಂಬುದನ್ನು ಖಚಿತಪಡಿಸಿಕೊಳ್ಳುವುದು. ಇವುಗಳಲ್ಲಿ ಯಾರ ಪ್ರಾಣಕ್ಕೂ ಸಂಚಕಾರವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಎಣ್ಣೆಯ ಬ್ರೇಕು ಸಡಿಲವಾದರೆ ಪೆಡಲು ಆಳಕ್ಕೆ ಇಳಿದು ಪಾದಕ್ಕೆ ತಿಳಿಸುತ್ತದೆ. ಗಾಳಿಯ ಬ್ರೇಕಿನಲ್ಲಿ ಪೆಡಲು ತೆರೆಯುವುದು ಕವಾಟವನ್ನು ಮಾತ್ರ. ಚಕ್ರದ ಬಳಿಯ ಸಡಿಲಿಕೆಯನ್ನು ಪಾದವು ಅರಿಯದು. ಊರೊಳಗೆ ಚೆನ್ನಾಗಿ ಹಿಡಿದ ಬ್ರೇಕು, ದೀರ್ಘವಾದ ಇಳಿಜಾರಿನಲ್ಲಿ ಡ್ರಮ್ಮು ಕಾದು ಹಿಗ್ಗಿದಾಗ, ದಂಡದ ಓಟವೇ ಮುಗಿದು ಕೈಕೊಡುವುದು. ಇಲ್ಲಿ ಅನುಭವವೆಂಬುದು ಪ್ರಮಾಣವಲ್ಲ, ಪ್ರಮಾಣಾಭಾಸ. ಪ್ರಮಾಣವಾವುದೆಂದರೆ ಅಳತೆ: ಚಕ್ರಗಳಿಗೆ ಅಡ್ಡಗಟ್ಟೆಯಿಟ್ಟು, ನಿಲುಗಡೆಯ ಬ್ರೇಕನ್ನು ಬಿಡಿಸಿ, ಒಬ್ಬನು ಪೆಡಲನ್ನು ತುಳಿಯುತ್ತಿರಲು ಇನ್ನೊಬ್ಬನು ದಂಡದ ಓಟವನ್ನು ಅಳೆಯಬೇಕು. 30ನೆಯ ಮಾದರಿಯ ಸಾಧಾರಣ ಕೋಶದಲ್ಲಿ ಅದು 2 ಅಂಗುಲವನ್ನು ಮೀರಕೂಡದು. ಮೀರಿದ್ದರೆ ಬಿಗಿಮಾಡಿ ಸುಮ್ಮನಾಗದೆ, ಏಕೆ ಮೀರಿತೆಂದು ಕೇಳಬೇಕು. ಉತ್ತರ ದೊರೆಯುವವರೆಗೆ ಬಸ್ಸು ನಿಂತಿರಲಿ.

ಕಡೆಯದಾಗಿ, ಮುಟ್ಟಬಾರದುದನ್ನು ಅರಿಯುವುದೂ ವಿದ್ಯೆಯ ಭಾಗವೇ. ಸ್ಪ್ರಿಂಗನ್ನು ಅಡಗಿಸಿಕೊಂಡ ಕೋಶವನ್ನು ಬಿಚ್ಚಿದವನು ಸ್ಥಳದಲ್ಲಿಯೇ ಸತ್ತಾನು. ಅದನ್ನು ಇಡಿಯಾಗಿ ಬದಲಿಸುವುದೇ ವಿವೇಕ, ಅದೂ ಬಲ್ಲವನ ಕಣ್ಣೆದುರಿನಲ್ಲಿ.

ಹೀಗೆ ವಿಚಾರಮಾಡಿದರೆ, ಅಧಿಕಾರವು ಸ್ವಾಮ್ಯದಿಂದಲೂ ಬರುವುದಿಲ್ಲ, ವೃತ್ತಿಯ ಹೆಸರಿನಿಂದಲೂ ಬರುವುದಿಲ್ಲ. ತನ್ನ ತಪ್ಪು ಮತ್ತೊಬ್ಬನನ್ನು ತಲುಪುವ ಮುನ್ನ ತನಗೇ ಕಾಣುವಂತೆ ಏರ್ಪಡಿಸಿಕೊಂಡವನಿಗೆ, ಸಂಶಯವು ಬಂದಾಗ ನಿಲ್ಲಲು ಸಿದ್ಧನಾದವನಿಗೆ, ಅದು ಸಲ್ಲುತ್ತದೆ. ವೈದ್ಯನಿಗೂ ಉಪಾಧ್ಯಾಯನಿಗೂ ಈ ನಿಯಮವು ಬೇರೆಯಲ್ಲವೆಂದು ನಮಗೆ ತೋರುತ್ತದೆ.